ಆಧಿಯನ್ನು ಅರಿಯುವ ಬಗೆ: ಊರಿನ ಅಧ್ಯಯನವೂ ವಿದ್ಯಾರ್ಥಿಯ ವೃತ್ತಿಯೂ

ಸಂಸ್ಕೃತದಲ್ಲಿ ದೇಹದ ಬೇನೆಗೆ ವ್ಯಾಧಿಯೆಂದೂ ಮನಸ್ಸಿನ ವ್ಯಥೆಗೆ ಆಧಿಯೆಂದೂ ಬೇರೆಬೇರೆ ಹೆಸರುಗಳಿವೆ. ಅಮರಕೋಶದಲ್ಲಿಯೇ ಈ ವಿವೇಕವನ್ನು ಕಾಣಬಹುದು. ಆದರೂ ಲೋಕರೂಢಿಯಲ್ಲಿ ವ್ಯಾಧಿಗೆ ಮದ್ದನ್ನು ಅರಸುವವರೇ ಆಧಿಯನ್ನು ಮನೆಯ ಒಳಕೋಣೆಯಲ್ಲಿ ಮುಚ್ಚಿಡುತ್ತಾರೆ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳ ಕಡೆ ಜಗಳವಾಡುವವರು ಎದುರಾಳಿಯನ್ನು “ಧಾರವಾಡಕ್ಕ ಕಳಸಬೇಕು” ಎಂದು ಹಂಗಿಸುವುದುಂಟು. 1845ರಲ್ಲಿ ಸ್ಥಾಪಿತವಾಗಿ, ಇಂದು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯೆಂಬ ಹೆಸರಿನಲ್ಲಿ ಚಿಕಿತ್ಸೆಯೊಡನೆ ಶಿಕ್ಷಣವನ್ನೂ ನೀಡುತ್ತಿರುವ ಆಸ್ಪತ್ರೆಯು ಹೀಗೆ ಬೈಗುಳಿಗೆ ವಸ್ತುವಾಗಿರುವಲ್ಲಿ, ಆ ಸೇವೆಯನ್ನೇ ತನ್ನ ವೃತ್ತಿಯಾಗಿ ಬಯಸುವ ವಿದ್ಯಾರ್ಥಿ ಎಲ್ಲಿಂದ ಬರಬೇಕು? ಊರನ್ನೇ ಅಧ್ಯಯನದ ವಿಷಯವಾಗಿ ಮಾಡಿಕೊಂಡಾಗ ಬದುಕಿನ ದಾರಿಯೇ ತಿಳಿಯಾಗುವುದೆಂಬುದಕ್ಕೆ ಕನ್ನಡ ನಾಡಿನಲ್ಲಿಯೇ ನಿದರ್ಶನವಿದೆ.

ಕರಾವಳಿಯ ಕೋಟ ಗ್ರಾಮದಲ್ಲಿ ಡಾ. ಆರ್. ಎಲ್. ಕಪೂರ್ ಹಾಗೂ ಎಡಿನ್‌ಬರೋದಲ್ಲಿ ಪ್ರಾಧ್ಯಾಪಕರಾಗಿದ್ದ ಜಿ. ಎಂ. ಕಾರ್‌ಸ್ಟೇರ್ಸ್ ಅವರು ಬ್ರಾಹ್ಮಣ, ಬಂಟ, ಮೊಗವೀರ ಮನೆತನಗಳಲ್ಲಿ ಮನಸ್ಸಿನ ಕಷ್ಟಗಳನ್ನು ವಿಚಾರಿಸಿ ಬರೆದ ಗ್ರಂಥವು 1976ರಲ್ಲಿ ಪ್ರಕಟವಾಯಿತು. ವೈದ್ಯನ ಬಳಿಗೆ ಹೋಗುವವರೇ ಮಂತ್ರವಾದಿಯ ಬಳಿಗೂ ಹೋಗುತ್ತಾರೆಂಬ ಸಂಗತಿ ಅಲ್ಲಿ ಸ್ಪಷ್ಟವಾಯಿತು. ಕಪೂರರು ಅನಂತರ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯನ್ನು ಸೇರಿದರು. ಅಲ್ಲಿ 1975ರಲ್ಲಿ ಸಮುದಾಯ ಮನೋವೈದ್ಯ ವಿಭಾಗವೂ, ಹಿಂದೆಯೇ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವೂ ಆರಂಭವಾದವು. ಆ ಪರಂಪರೆಯಲ್ಲಿಯೇ 1985ರಲ್ಲಿ ಬಳ್ಳಾರಿ ಜಿಲ್ಲೆಯ ಪ್ರಯೋಗ ನಡೆಯಿತು. ಅದನ್ನು ಮಾದರಿಯಾಗಿಟ್ಟುಕೊಂಡು 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹೊರಟಿತು. ಆ ಕಾಲದ ಪ್ರಶ್ನಾವಳಿಗಳನ್ನು ರೂಪಿಸಿದವರಲ್ಲಿ ಒಬ್ಬರಾದ ಮಾಳವಿಕಾ ಕಪೂರ್ ಮುಂದೆ ಮಕ್ಕಳ ಮನಸ್ಸಿನ ಕಡೆಗೆ ತಿರುಗಿ, ಶಾಲೆಗಳಲ್ಲಿ ಶಿಕ್ಷಕರ ಮೂಲಕವೇ ನೆರವು ತಲುಪಿಸುವ ಕಾರ್ಯದಲ್ಲಿ ತೊಡಗಿದರು. (ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರ ಮಗಳು ಇವರೆಂಬುದು ಕನ್ನಡಿಗರಿಗೆ ಹಿತವಾದ ಸಂಗತಿ.)

ಇವರೆಲ್ಲ ತಜ್ಞರು, ವಿದ್ಯಾರ್ಥಿಗಳಲ್ಲವೆಂದು ಆಕ್ಷೇಪಿಸಬಹುದು. ನಿಜ; ಆದರೆ ಕೇಳುವ ಕೆಲಸ ವಿದ್ಯಾರ್ಥಿಗೂ ಸಾಧ್ಯ, ಆ ಕೆಲಸದ ಮೊದಲ ಪಾಠ ಭಾಷೆಯದು. ಖಿನ್ನತೆ ಎಂಬುದು ಪುಸ್ತಕದ ಮಾತು. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸನ್ನು “ನಿಮಗೆ ಖಿನ್ನತೆಯಿದೆಯೇ?” ಎಂದು ಕೇಳಿದರೆ ಆಕೆ ಇಲ್ಲವೆಂದಾಳು. “ರಾತ್ರಿ ನಿದ್ದಿ ಹತ್ತತೈತೇನ್ ಯವ್ವಾ?” ಎಂದರೆ ಮಾತು ಬಿಚ್ಚಿಕೊಳ್ಳುತ್ತದೆ. ಜೀವಕ್ಕ ಸಮಾಧಾನಿಲ್ಲ, ಎದಿ ಡವಡವ ಅಂತೈತಿ, ಗಾಳಿ ಸೋಕೈತಿ ಎಂಬ ನುಡಿಗಳನ್ನು ಅವು ಬಂದ ಸಂದರ್ಭದೊಡನೆ ಬರೆದುಕೊಳ್ಳುವುದೇ ಒಂದು ಸಂಶೋಧನೆ. ಬೀಜಪರೀಕ್ಷೆಯ ಫಲಿತಾಂಶ ಬರುವವರೆಗೆ ಹಣಕ್ಕೆ ಕಾಯುವ ರಾಣೇಬೆನ್ನೂರು ಕಡೆಯ ಬೀಜೋತ್ಪಾದಕನ ಚಿಂತೆಗೆ ಯಾವ ಹೆಸರು? 2024ರ ಮಾರ್ಚಿಯಲ್ಲಿ ಬೆಲೆ ಕುಸಿದು ಬ್ಯಾಡಗಿ ಮಾರುಕಟ್ಟೆಯಲ್ಲಿ ವಾಹನಗಳು ಸುಟ್ಟಾಗ ಅವು ಎಣಿಕೆಗೆ ಸಿಕ್ಕವು. ಬರಿಗೈಯಲ್ಲಿ ಮನೆಗೆ ಮರಳಿದವರು ನಿದ್ದೆಗೆಟ್ಟ ರಾತ್ರಿಗಳು ಸಿಗಲಿಲ್ಲ.

ದೇಶದ ಲೆಕ್ಕವೂ ಇದನ್ನೇ ಹೇಳುತ್ತದೆ. 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡಾ 10.6ರಷ್ಟು ಮಂದಿ ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು; ಕಾಯಿಲೆಗೆ ತಕ್ಕಂತೆ ಅವರಲ್ಲಿ ಶೇಕಡಾ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಓಣಿಯಲ್ಲಿ ಹತ್ತು ಮನೆ ತಿರುಗಿದ ವಿದ್ಯಾರ್ಥಿಗೆ ಈ ಅಂಕಿಗಳು ಮುಖಗಳಾಗಿ ತೋರುತ್ತವೆ. ಕೂಲಿ ತಪ್ಪುವುದೆಂದು ಗುಳಿಗೆ ತರಲು ಹೋಗದ ಮನೆಯನ್ನು ಕಂಡವಳಿಗೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯ ಅರ್ಥ ತಿಳಿಯುತ್ತದೆ. ರೋಗಿಯನ್ನು ವರ್ಷಗಟ್ಟಲೆ ಆರೈಕೆ ಮಾಡಿ ಬಳಲಿದ ತಾಯಿಯನ್ನು ಕಂಡವನು ಮನೋರೋಗ ಶುಶ್ರೂಷೆಯನ್ನು ಆರಿಸಿಕೊಂಡಾನು. ವೈದ್ಯ ಪದವಿಯ ಅನಂತರ ಮನೋವೈದ್ಯ, ಮನೋವಿಜ್ಞಾನದ ಸ್ನಾತಕೋತ್ತರ ಪದವಿಯ ಅನಂತರ ಚಿಕಿತ್ಸಾ ಮನೋವಿಜ್ಞಾನ: ದಾರಿಗಳು ಹಲವು. ವೈದ್ಯನಾಗದಿದ್ದರೆ ಈ ಸೇವೆಯೇ ಇಲ್ಲವೆಂದು ಪಾಲಕರು ತಿಳಿದಿರುವುದು ದೊಡ್ಡ ತಪ್ಪು. “ಇದು ನನ್ನಿಂದಾಗದು” ಎಂದು ಕೆಲವರು ಅರಿತು ಹಿಂದಿರುಗುವುದೂ ಲಾಭವೇ.

ಆದರೆ ಪರರ ದುಃಖವು ಪಾಠೋಪಕರಣವಲ್ಲ. ಮನೆಯವರ ಒಪ್ಪಿಗೆಯಿಲ್ಲದೆ ಹೊಸ್ತಿಲು ದಾಟಬಾರದು, ಹೊತ್ತಿಗೆಯಲ್ಲಿ ಹೆಸರು ಬರೆಯಬಾರದು, ಶಿಕ್ಷಕರು ಜೊತೆಗಿರಬೇಕು. ಪ್ರಶ್ನಾವಳಿ ತುಂಬಿದವನು ವೈದ್ಯನಲ್ಲವಾದುದರಿಂದ ಯಾರಿಗೂ ಕಾಯಿಲೆಯ ಹೆಸರು ಕಟ್ಟಬಾರದು. ಜೀವ ಬೇಡವೆಂಬ ಮಾತು ಕಿವಿಗೆ ಬಿದ್ದರೆ ಬರವಣಿಗೆಯನ್ನು ಅಲ್ಲಿಗೇ ನಿಲ್ಲಿಸಿ, ಅವರನ್ನು ಒಂಟಿಯಾಗಿ ಬಿಡದೆ, ಶಿಕ್ಷಕರಿಗೂ ವೈದ್ಯರಿಗೂ ತಿಳಿಸಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಎಂಬ ದೂರವಾಣಿ ಸಂಖ್ಯೆಯಲ್ಲಿ ಹಗಲಿರುಳೂ ಸಲಹೆ ದೊರೆಯುತ್ತದೆ. ವರ್ಷದ ಕೊನೆಗೆ, ಹೆಸರುಗಳಿಲ್ಲದ ಆ ವರದಿಯನ್ನು ಅದೇ ಓಣಿಯ ಹಿರಿಯರನ್ನು ಕೂಡಿಸಿ ಓದಿ ಹೇಳಬೇಕು. ತಪ್ಪಿದ್ದಲ್ಲಿ ಅವರೇ ತಿದ್ದುತ್ತಾರೆ.