ಕಛೇರಿ ಮುಗಿದ ಮೇಲಿನ ಕಛೇರಿ

ನಮ್ಮ ಕನ್ನಡದಲ್ಲಿ ಕಛೇರಿ ಎಂದರೆ ಎರಡು. ಬೆಳಿಗ್ಗೆ ಹೋಗಿ ಲೆಡ್ಜರ್ ಬಿಚ್ಚುವ ಕಛೇರಿ ಒಂದು, ಸಂಜೆ ಹೋಗಿ ಕೇಳುವ ಸಂಗೀತ ಕಛೇರಿ ಇನ್ನೊಂದು. ಬ್ಯಾಂಕ್ ಗುಮಾಸ್ತನಾಗಿದ್ದ ನನಗೆ ರಾಮನವಮಿಯ ದಿನಗಳಲ್ಲಿ ಎರಡೂ ಇರುತ್ತಿದ್ದವು. ನಾನೀಗ ಹೇಳಹೊರಟಿರುವುದು ಮೂರನೆಯ ಕಛೇರಿಯೊಂದರ ವಿಷಯ. ಅದು ನಡೆಯುತ್ತಿದ್ದುದು ರಾತ್ರಿ ಹತ್ತು ಗಂಟೆಯ ಮೇಲೆ, ಗವಿಪುರದ ಒಂದು ವಠಾರದಲ್ಲಿ.

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಳಿ 1939ರಿಂದ ರಾಮನವಮಿ ಸಂಗೀತೋತ್ಸವ ನಡೆಸಿಕೊಂಡು ಬಂದಿದೆ. ಫೋರ್ಟ್ ಹೈಸ್ಕೂಲ್ ಮೈದಾನದ ಆ ಚಪ್ಪರದಲ್ಲಿ ಹಾಡದ ದೊಡ್ಡ ವಿದ್ವಾಂಸರು ಕಡಿಮೆ. ಒಳಗೆ ಹೋಗಲು ಟಿಕೆಟ್ ಬೇಕು. ಹೊರಗೆ ರಸ್ತೆ ಬದಿಯಲ್ಲಿ ಪೇಪರ್ ಹಾಸಿಕೊಂಡು ಕೂತು ಕೇಳುವವರಿಗೆ ಯಾವ ಟಿಕೆಟ್ಟೂ ಇಲ್ಲ. ನಾನು ಕೆಲಸಕ್ಕೆ ಸೇರಿದ್ದು 1974ರಲ್ಲಿ. ನನ್ನ ಸಂಬಳಕ್ಕೆ ರಸ್ತೆ ಬದಿಯೇ ಸರಿಹೊಂದುತ್ತಿತ್ತು. ಅಲ್ಲಿ ಹಾಡುವವರ ಮುಖ ಕಾಣುವುದಿಲ್ಲ, ಆದರೆ ಗಾಳಿ ಚೆನ್ನಾಗಿ ಬರುತ್ತದೆ. ಚೈತ್ರದ ಮಳೆ ಬಂತೆಂದರೆ ಮಾತ್ರ ಎದ್ದು ಅಂಗಡಿ ಬಾಗಿಲುಗಳ ಕೆಳಗೆ ಒತ್ತಿಕೊಂಡು ನಿಲ್ಲಬೇಕು.

ನಮ್ಮ ಬ್ರಾಂಚಿನಿಂದ ನಾಲ್ಕು ಜನ ಹೋಗುತ್ತಿದ್ದೆವು. ಹೆಡ್ ಕ್ಲಾರ್ಕ್ ರಾಯರು, ಕ್ಯಾಷಿಯರ್, ನಾನು, ಮತ್ತು ನಮ್ಮ ಅಟೆಂಡರ್. ರಾಯರಿಗೆ ಸಂಗೀತ ಗೊತ್ತಿತ್ತು. ಕ್ಯಾಷಿಯರ್‌ಗೆ ಗೊತ್ತಿದೆಯೆಂಬ ಧೈರ್ಯವಿತ್ತು. ಅಟೆಂಡರ್‌ಗೆ ಒಂದು ರಾಗದ ಹೆಸರೂ ಬಾರದು, ಆದರೆ ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಮಂಗಳ ಹಾಡಿದ ಮೇಲೆ ಬುಲ್ ಟೆಂಪಲ್ ರಸ್ತೆಯಲ್ಲಿ ನಡೆದುಕೊಂಡು ಹೊರಟರೆ, ರಾಮಕೃಷ್ಣಾಶ್ರಮದ ಸರ್ಕಲ್ ಬರುವವರೆಗೂ ಜಗಳ.

ಒಮ್ಮೆ ಕಲ್ಯಾಣಿಯೋ ಶಂಕರಾಭರಣವೋ ಎಂದು ರಾಯರಿಗೂ ಕ್ಯಾಷಿಯರ್‌ಗೂ ಹತ್ತಿಕೊಂಡಿತು. ಮಕ್ಕಳೇ, ಈ ಎರಡು ರಾಗಗಳಿಗೂ ಏಳೇಳು ಸ್ವರ. ಆರು ಸ್ವರ ಒಂದೇ, ವ್ಯತ್ಯಾಸವಿರುವುದು ಮಧ್ಯಮ ಒಂದರಲ್ಲಿ. ಶಂಕರಾಭರಣಕ್ಕೆ ಶುದ್ಧ ಮಧ್ಯಮ, ಕಲ್ಯಾಣಿಗೆ ಸ್ವಲ್ಪ ಮೇಲಿನ ಪ್ರತಿ ಮಧ್ಯಮ. ಹಾರ್ಮೋನಿಯಂ ಮೇಲೆ ಪಕ್ಕಪಕ್ಕದ ಎರಡು ಮನೆಗಳು, ಅಷ್ಟೆ. ಆ ಒಂದು ಮನೆ ಬದಲಾದರೆ ಇಡೀ ರಾಗದ ಚಹರೆಯೇ ಬದಲಾಗುತ್ತದೆ. ಕ್ಯಾಷಿಯರ್ ಒಪ್ಪಲಿಲ್ಲ. "ಬನ್ನಿ, ನಮ್ಮ ಮನೆಯವಳನ್ನೇ ಕೇಳೋಣ" ಎಂದು ನಮ್ಮನ್ನು ಗವಿಪುರದ ತಮ್ಮ ಮನೆಗೆ ಎಳೆದುಕೊಂಡು ಹೋದರು.

ಅಮ್ಮ (ನಾವೆಲ್ಲ ಅವರನ್ನು ಹಾಗೆಯೇ ಕರೆಯುತ್ತಿದ್ದುದು) ಎದ್ದೇ ಇದ್ದರು. ಮೈಸೂರಿನವರು. ಹುಡುಗಿಯಾಗಿದ್ದಾಗ ಮದುವೆಯಾಗುವ ತನಕ ಸಂಗೀತ ಕಲಿತವರು. ಬಿಡಾರಂ ಕೃಷ್ಣಪ್ಪನವರು ಕಟ್ಟಿಸಿದ ರಾಮಮಂದಿರದಲ್ಲಿ ಕಂಬಕ್ಕೆ ಒರಗಿ ಕಛೇರಿಗಳನ್ನು ಕೇಳಿದವರು. ಕೃಷ್ಣಪ್ಪನವರ ಶಿಷ್ಯ ಚೌಡಯ್ಯನವರ ಪಿಟೀಲನ್ನು ಎದುರಿಗೇ ಕೂತು ಕೇಳಿದ್ದೇನೆ ಎನ್ನುತ್ತಿದ್ದರು. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿಕೊಂಡಿದ್ದರು, ದೊಡ್ಡ ಸಭೆಯಲ್ಲಿ ಹಿಂದಿನ ಸಾಲಿಗೂ ನಾದ ಮುಟ್ಟಲೆಂದು. ಅವರ ಹೆಸರಿನಲ್ಲಿ 1980ರಲ್ಲಿ ಕಟ್ಟಿದ ಸಭಾಂಗಣ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಇದೆ. ನೋಡಿರದ ಮಕ್ಕಳು ಒಮ್ಮೆ ನೋಡಿ.

ಅಮ್ಮನಿಗೆ ಕೀಲುವಾತ. ಆ ವರ್ಷ ಗೋಡೆ ಹಿಡಿದು ನಡೆಯುತ್ತಿದ್ದರು, ಮರುವರ್ಷ ಅದೂ ಆಗಲಿಲ್ಲ. ಬೆಂಗಳೂರಿಗೆ ಬಂದು ಹದಿನೈದು ವರ್ಷವಾದರೂ ಫೋರ್ಟ್ ಹೈಸ್ಕೂಲ್ ಚಪ್ಪರವನ್ನು ಅವರು ನೋಡಿರಲಿಲ್ಲ. ಮೊದಲು ಅತ್ತೆ ಮಾವ, ಮನೆಗೆಲಸ, ಆಮೇಲೆ ಕಾಲು. ರಾಯರು ಗುನುಗಿದ್ದನ್ನು ಕೇಳಿ ಎರಡು ಮಧ್ಯಮಗಳನ್ನೂ ಮೆಲ್ಲಗೆ ಹಾಡಿ ತೋರಿಸಿದರು. ರಾಯರೇ ಗೆದ್ದರು. ಕ್ಯಾಷಿಯರ್ ಎಲ್ಲರಿಗೂ ಮಜ್ಜಿಗೆ ತಂದುಕೊಟ್ಟು ಸೋಲು ಒಪ್ಪಿದರು. ಹೊರಡುವಾಗ ಅಮ್ಮ ಕೇಳಿದರು: "ನಾಳೆನೂ ಬರ್ತೀರೇನಪ್ಪಾ?"

ಹೀಗೆ ಶುರುವಾಯಿತು. ಆಕೆಯನ್ನು ಒಬ್ಬರನ್ನೇ ಬಿಟ್ಟು ಹೋಗುವುದು ಕಷ್ಟವಾದಾಗ ಕ್ಯಾಷಿಯರ್ ಬರುವುದನ್ನು ನಿಲ್ಲಿಸಿದರು. ನಾವು ಮೂವರು ಕೇಳಿಕೊಂಡು ಬಂದು ಅವರಿಬ್ಬರಿಗೂ ಹೇಳುವುದು ಎಂದಾಯಿತು. ಅಮ್ಮನದು ಒಂದೇ ಕಟ್ಟಳೆ. "ಚೆನ್ನಾಗಿತ್ತು" ಎನ್ನುವ ಹಾಗಿಲ್ಲ. "ಅದನ್ನ ಪೇಪರ್‌ನೋರೂ ಬರೀತಾರೆ. ನಿನ್ನ ಕಿವಿಗೆ ಏನು ಬಿತ್ತು ಅದನ್ನ ಹೇಳು" ಎನ್ನುತ್ತಿದ್ದರು.

ಇದು ಸುಲಭದ ಕೆಲಸವಲ್ಲ. ಮೂರು ಗಂಟೆ ಕೇಳಿ ಬಂದು ಬಾಯಿ ಬಿಟ್ಟರೆ "ಅದ್ಭುತ", "ಅಮೋಘ" ಬಿಟ್ಟು ಬೇರೆ ಮಾತು ಹೊರಡುತ್ತಿರಲಿಲ್ಲ. ರಾಯರು ರಾಗ, ಕೃತಿ, ಎಲ್ಲಿ ನೆರವಲ್ ಮಾಡಿದರು, ಯಾವ ಸ್ವರದಲ್ಲಿ ನಿಂತರು ಎಂದು ಒಪ್ಪಿಸುತ್ತಿದ್ದರು. ಅಮ್ಮನ ಮುಖ ಹೆಚ್ಚು ಅರಳುತ್ತಿದ್ದುದು ಅಟೆಂಡರ್ ಮಾತಿಗೆ. ಒಂದು ದಿನ ಅವನಿಗೆ ಚಪ್ಪರದೊಳಗೆ ಹೋಗುವ ಅವಕಾಶ ಸಿಕ್ಕಿತ್ತು. ಅಂದು ಪಿಟೀಲಿನವರ ತಂತಿ ನಡುವೆ ಕಿತ್ತುಹೋಯಿತಂತೆ. "ಆಗ ಮೃದಂಗದೋರು ಕೈ ಹಗುರ ಮಾಡಿಬಿಟ್ರು ಅಮ್ಮಾ. ಮಗು ಮಲಗಿರೋ ಮನೇಲಿ ಓಡಾಡ್ತಾರಲ್ಲ, ಹಂಗೆ. ಹಾಡೋರು ಅವರ ಕಡೆ ನೋಡ್ತಾ ಹೇಳಿದ್ದನ್ನೇ ಇನ್ನೊಂದ್ಸಲ, ಇನ್ನೊಂದ್ಸಲ ಹಾಡಿದ್ರು. ತಂತಿ ಕಟ್ಟಿ ಇವರು ಬಿಲ್ಲು ಎತ್ತಿದ್ಮೇಲೇ ಮುಂದಕ್ಕೆ ಹೋಗಿದ್ದು." ರಾಯರೂ ನಾನೂ ಅದೇ ಕಛೇರಿಯನ್ನೇ ರಸ್ತೆಯಲ್ಲಿ ಕೂತು ಕೇಳಿದ್ದೆವು. ಪಿಟೀಲು ಯಾಕೆ ಸ್ವಲ್ಪ ಹೊತ್ತು ನಿಂತಿತು ಎಂದು ನಮಗೆ ಹೊಳೆದೇ ಇರಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಕಛೇರಿಯ ಮುಖ್ಯ ಕೃತಿ ಮುಗಿಯುವ ಹೊತ್ತಿಗೆ ಹಾಡುವವರು ಸುಮ್ಮನಾಗಿ ತಾಳವಾದ್ಯದವರಿಗೆ ಬಿಟ್ಟುಕೊಡುತ್ತಾರೆ. ಅದೇ ತನಿ ಆವರ್ತನ. ಮೃದಂಗದವರು ಒಂದಿಷ್ಟು ನುಡಿಸುತ್ತಾರೆ, ಘಟವೋ ಖಂಜರಿಯೋ ಇದ್ದರೆ ಅವರು ಅದಕ್ಕೆ ಉತ್ತರ ಕೊಡುತ್ತಾರೆ. ಸುತ್ತುಗಳು ಬರಬರುತ್ತಾ ಚಿಕ್ಕದಾಗಿ, ಕೊನೆಗೆ ಇಬ್ಬರೂ ಕೂಡಿ ನುಡಿಸಿ, ಒಂದೇ ಮುಕ್ತಾಯವನ್ನು ಮೂರು ಸಲ ಹೇಳಿ ಹಾಡಿನ ಸಾಲಿಗೆ ತಂದು ಸೇರಿಸುತ್ತಾರೆ. ಇಷ್ಟು ಈಗ ಬಲ್ಲೆ. ಆಗ ನನಗೆ ತನಿ ಎಂದರೆ ಕಾಫಿಗೆ ಏಳುವ ಗಂಟೆ. ನಾನೊಬ್ಬನೇ ಅಲ್ಲ, ಅರ್ಧ ರಸ್ತೆಯೇ ಎದ್ದು ಹೋಗುತ್ತಿತ್ತು. ಇಂದಿಗೂ ಸಭಾಂಗಣಗಳಲ್ಲಿ ಏಳುವವರಿದ್ದಾರೆ. ಆ ವಾದ್ಯದವರು ತಮ್ಮ ಸರದಿಗೆ ಎರಡು ಗಂಟೆ ಕಾದಿರುತ್ತಾರೆ ಎಂಬುದು ಏಳುವವರಿಗೆ ನೆನಪಿರುವುದಿಲ್ಲ.

ಒಂದು ರಾತ್ರಿ ಅಮ್ಮ "ತನಿ ಹೇಗಿತ್ತು?" ಎಂದು ನನ್ನನ್ನೇ ಕೇಳಿದರು. ನಾನು ಕಾಫಿ ಕುಡಿದು, ಎಲೆ ಅಡಿಕೆ ಹಾಕಿಕೊಂಡು ಬಂದಿದ್ದೆ. ಆದರೂ ಗಂಭೀರವಾಗಿ, ಮೃದಂಗ ಗುಡುಗಿದ ಹಾಗಿತ್ತು, ಘಟ ಆಲಿಕಲ್ಲು ಬಿದ್ದ ಹಾಗಿತ್ತು ಎಂದು ಬಿಟ್ಟೆ. "ತಾಳ?" ಎಂದರು. "ಆದಿತಾಳ" ಎಂದೆ. ರಾಯರು ಕೆಮ್ಮಿದರು. ಅಂದಿನ ಮುಖ್ಯ ಕೃತಿ ಮಿಶ್ರಛಾಪು ತಾಳದ್ದು. ಅಟೆಂಡರ್ ಗೋಡೆಯ ಕಡೆ ತಿರುಗಿ ನಗು ತಡೆದುಕೊಳ್ಳುತ್ತಿದ್ದ.

ಅಮ್ಮ ಬೈಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ಚುಚ್ಚುತ್ತಿರಲಿಲ್ಲವೇನೋ. "ನಾನು ಇಲ್ಲಿ ಮಲಗಿ, ಈಗ ತನಿ ನಡೀತಿರಬೇಕು ಅಂತ ಗಡಿಯಾರ ನೋಡ್ತಿರ್ತೀನಿ ಕಣಪ್ಪಾ" ಎಂದರು, ಅಷ್ಟೆ. ಆಮೇಲೆ ನನ್ನ ಕೈ ಹಿಡಿದು ತಾಳ ಹೇಳಿಕೊಟ್ಟರು. ಊದಿಕೊಂಡ ಬೆರಳುಗಳು, ಮಡಿಸಲು ಅವರಿಗೆ ನೋವಾಗುತ್ತಿತ್ತು. ಆದಿತಾಳಕ್ಕೆ ಎಂಟು ಎಣಿಕೆ: ಒಂದು ಪೆಟ್ಟು, ಕಿರುಬೆರಳು, ಉಂಗುರ ಬೆರಳು, ನಡುಬೆರಳು, ಮತ್ತೆ ಪೆಟ್ಟು, ಕೈ ತಿರುವುವುದು, ಪೆಟ್ಟು, ತಿರುವುವುದು. ಮಿಶ್ರಛಾಪುವಿಗೆ ಏಳು. ಮೂರು, ನಾಲ್ಕಾಗಿ ಒಡೆದು "ತಕಿಟ ತಕಧಿಮಿ" ಎಂದುಕೊಳ್ಳಬೇಕು. ಮರುದಿನದಿಂದ ನಾನು ತನಿಗೆ ಎದ್ದವನಲ್ಲ. ಮೊದಮೊದಲು ಎಣಿಕೆ ತಪ್ಪುತ್ತಿತ್ತು. ಮೂರನೇ ವರ್ಷ ಒಂದು ಮುಕ್ತಾಯ ಸರಿಯಾಗಿ ನನ್ನ ಅಂಗೈ ಮೇಲೇ ಬಂದು ಇಳಿದಾಗ, ಹೇಳಲು ಓಡಿಕೊಂಡು ಗವಿಪುರಕ್ಕೆ ಹೋದೆ. ಓಡಲು ನನಗಾಗ ಕಾಲಿತ್ತು.

1983ರ ಉತ್ಸವದ ಹೊತ್ತಿಗೆ ಅಮ್ಮನಿಗೆ ಮಾತು ಕಡಿಮೆಯಾಗಿತ್ತು. ನಾವು ಮೂವರೂ ಹೇಳುತ್ತಿದ್ದೆವು, ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು. ರಾಯರು ಹಾಡಿ ತೋರಿಸಿದರೆ ಹೊದಿಕೆಯ ಮೇಲೆ ಒಂದು ಬೆರಳು ಎದ್ದು ಬೀಳುತ್ತಿತ್ತು. ತಾಳ ತಪ್ಪುತ್ತಿರಲಿಲ್ಲ. ದೀಪಾವಳಿಗೆ ಮುಂಚೆ ತೀರಿಕೊಂಡರು.

ಮರುವರ್ಷ ಕ್ಯಾಷಿಯರ್ ಮತ್ತೆ ನಮ್ಮ ಜೊತೆ ಬಂದರು. ಕಛೇರಿ ಪೂರ್ತಿ ನಮ್ಮ ಪಕ್ಕದಲ್ಲೇ ಕೂತಿದ್ದರು. ಹಿಂದಿರುಗುವಾಗ ಆ ದಾರಿಯಲ್ಲಿ ಅಂದು ಜಗಳವಿಲ್ಲ, ಮಾತೂ ಇಲ್ಲ. ವಠಾರ ಬಂದಾಗ ಅಭ್ಯಾಸಬಲದಿಂದ ಮೂವರೂ ನಿಂತೆವು. ಒಳಗೆ ದೀಪವಿರಲಿಲ್ಲ. ಅವರು ಬೀಗ ತೆಗೆದು, ಮಜ್ಜಿಗೆ ಮಾಡಿ ತಂದು ಜಗಲಿಯ ಮೇಲೆ ಕೂತರು. "ಹೂಂ, ಹೇಳಿ. ಏನು ಕೇಳಿದಿರಿ?" ಎಂದರು. ರಾಯರು ಒಂದು ನಿಮಿಷ ತಡೆದು, ವರ್ಣದಿಂದ ಶುರುಮಾಡಿ ಮಂಗಳದ ತನಕ ಎಲ್ಲವನ್ನೂ ಹೇಳಿದರು. ಅವರು ಕಿವಿಯಾರೆ ಕೇಳಿ ಬಂದಿದ್ದ ಕಛೇರಿಯನ್ನೇ.

ರಾಯರೂ ಕ್ಯಾಷಿಯರೂ ಈಗಿಲ್ಲ. ಅಟೆಂಡರ್ ಮಗನ ಮನೆಯಲ್ಲಿದ್ದಾನೆ, ಫೋನು ಮಾಡುತ್ತಾನೆ. ನಾನು ಮಾತ್ರ ಕಳೆದ ವರ್ಷದವರೆಗೂ ಹೋಗುತ್ತಿದ್ದೆ. ಈ ಸಲ ಮಂಡಿಯ ಆಪರೇಷನ್ ಆಗಿ ಮನೆಯಲ್ಲೇ ಉಳಿದೆ. ಏಳನೇ ಕ್ಲಾಸಿನ ಮೊಮ್ಮಗಳು ಅಮ್ಮನ ಜೊತೆ ಹೋಗಿದ್ದಳು. ನಾನು ಹಾಲ್‌ನಲ್ಲಿ ಕೂತು ಗಡಿಯಾರ ನೋಡುತ್ತಿದ್ದೆ. ಒಂಬತ್ತಾದಾಗ, ಈಗ ತನಿ ನಡೆಯುತ್ತಿರಬೇಕು ಎಂದುಕೊಂಡೆ.

ಬಂದವಳೇ ಚಪ್ಪಲಿ ಬಿಡುವ ಮೊದಲೇ ಮೊಬೈಲ್ ಹಿಡಿದಳು. "ತಾತ, ರೆಕಾರ್ಡ್ ಮಾಡಿದೀನಿ, ಕೇಳು."

"ಅದು ಎಲ್ಲೂ ಓಡಿಹೋಗಲ್ಲ. ಮೊದಲು ನೀನು ಹೇಳು, ಹೇಗಿತ್ತು?"

"ಸೂಪರ್!"

"ಸೂಪರ್ ಅನ್ನೋ ಮಾತು ಈ ಮನೇಲಿ ನಡೆಯಲ್ಲ."

ಅವಳು ಸೋಫಾದ ತುದಿಯಲ್ಲಿ ಕೂತು ಯೋಚಿಸಿದಳು. "ಘಟ ನುಡಿಸೋರಿಲ್ವಾ ತಾತ, ಅದರ ಬಾಯಿನ ಹೊಟ್ಟೆಗೆ ಒತ್ತಿಕೊಂಡ್ರೆ ಒಂಥರಾ ಸದ್ದು, ಬಿಟ್ರೆ ಇನ್ನೊಂಥರಾ. ಅಮ್ಮ ಕಾಫಿಗೆ ಹೋಗೋಣ ಅಂದ್ಲು, ನಾನು ಬರಲ್ಲ ಅಂದೆ. ಸ್ಕೂಲಲ್ಲಿ ಹೇಳಿಕೊಟ್ಟಿರೋ ಹಾಗೆ ತಾಳ ಹಾಕ್ದೆ. ಎಂಟು ಎಣಿಸಿದ್ರೆ ಪ್ರತಿ ಸಲಾನೂ ಒಂದು ಉಳಿದುಬಿಡ್ತಿತ್ತು. ಆಮೇಲೆ ಏಳೇ ಎಣಿಸಿದೆ. ಸರಿಹೋಯ್ತು!"

ಕೋಲು ಊರಿಕೊಂಡು ಎದ್ದೆ. "ಎಲ್ಲಿಗೆ ತಾತ? ಇನ್ನೂ ಹೇಳೋದಿದೆ" ಎಂದಳು. ಮಜ್ಜಿಗೆ ತರುತ್ತೇನೆ ಎಂದು ಅಡುಗೆಮನೆಯ ಕಡೆ ಹೊರಟೆ.