ಬೆಂಗಳೂರಿನ ಸಾಲುಮರಗಳೂ ಬೇಸಗೆಯೂ

ಪ್ರತಿವರ್ಷವೂ ಏಪ್ರಿಲ್, ಮೇ ತಿಂಗಳುಗಳ ಬಿರುಗಾಳಿಮಳೆಗೆ ಬೆಂಗಳೂರಿನ ಬೀದಿಮರಗಳು ಹಲವು ಉರುಳುತ್ತವೆ. ಮರುದಿನವೇ, ಇವು ಪರದೇಶದ ಮರಗಳು, ನಮ್ಮ ಹವೆಗೆ ಒಗ್ಗದವು, ಕಡಿದುಹಾಕುವುದೇ ಲೇಸು ಎಂಬ ಮಾತು ಕೇಳಿಬರುತ್ತದೆ. ನಾವು ಸಸ್ಯಶಾಸ್ತ್ರಜ್ಞರಲ್ಲ, ಇತಿಹಾಸವನ್ನು ಬೋಧಿಸುವವರು. ಆದರೂ ಈ ತೀರ್ಪಿನಲ್ಲಿ ಕಾಲಗಣನೆಯ ದೋಷವೊಂದಿದೆಯೆಂದು ನಮಗೆ ತೋರುತ್ತದೆ. ಹವೆಗೆ ಒಗ್ಗದ ಮರ ಮೊದಲ ಕೆಲವು ಬೇಸಗೆಗಳಲ್ಲಿಯೇ ಸಾಯಬೇಕಾಗಿತ್ತು. ಎಪ್ಪತ್ತು ಎಂಬತ್ತು ಬೇಸಗೆಗಳನ್ನು ಕಂಡ ಮರ ಇಂದು ಬಿದ್ದರೆ ಕಾರಣವನ್ನು ಬೇರೆಡೆಯಲ್ಲಿ ಹುಡುಕಬೇಕು.

ಇವುಗಳಲ್ಲಿ ಅನೇಕವು ಹೊರಗಿನಿಂದ ಬಂದವೆಂಬುದೇನೋ ನಿಜ. 1874ರಿಂದ 1908ರವರೆಗೆ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮರನ್, ಅವರ ತರುವಾಯ ಬಂದ ಜರ್ಮನ್ ಉದ್ಯಾನತಜ್ಞ ಜಿ. ಎಚ್. ಕ್ರುಂಬಿಗಲ್, ಇವರ ಕಾಲದಲ್ಲಿ ನಾನಾ ದೇಶಗಳ ಸಸ್ಯಗಳು ಇಲ್ಲಿ ನೆಲೆಗೊಂಡವು. ಒಂದು ಬೀದಿಯ ಹೂ ಉದುರುವಷ್ಟರಲ್ಲಿ ಇನ್ನೊಂದು ಬೀದಿ ಅರಳುವಂತೆ ಮರಗಳನ್ನು ಆಯ್ದ ಕೀರ್ತಿ ಕ್ರುಂಬಿಗಲ್ಲರಿಗೆ ಸಲ್ಲುತ್ತದೆ. ಗುಲ್‌ಮೊಹರ್ ಮಡಗಾಸ್ಕರಿನದು; ಜಕರಾಂಡ, ಹಳದಿ ಟಬೆಬುಯ ದಕ್ಷಿಣ ಅಮೆರಿಕದವು. ಆದರೆ ಇವುಗಳ ತವರುಗಳೆಲ್ಲ ಮಳೆಗಾಲವೂ ಒಣಗಾಲವೂ ಸ್ಪಷ್ಟವಾಗಿ ಬೇರ್ಪಟ್ಟಿರುವ ಸೀಮೆಗಳೆಂಬುದು ಗಮನಾರ್ಹ. ಡಿಸೆಂಬರಿನಿಂದ ಮಾರ್ಚಿಯವರೆಗೆ ಮಳೆ ಅಪರೂಪವಾಗಿರುವ ಬೆಂಗಳೂರು ಅವಕ್ಕೆ ತೀರ ಅಪರಿಚಿತವಾದ ಊರೇನೂ ಆಗಿರಲಿಲ್ಲ.

ಒಣಗಾಲವನ್ನು ಅವು ದಾಟುವ ಬಗೆ ಹೀಗೆ. ಎಲೆಯಲ್ಲಿರುವ ಸೂಕ್ಷ್ಮವಾದ ಪತ್ರರಂಧ್ರಗಳ ಮೂಲಕ ಮರವು ಇಂಗಾಲಾಮ್ಲವಾಯುವನ್ನು ಒಳಕ್ಕೆ ಪಡೆಯುವಾಗ ನೀರು ಆವಿಯಾಗಿ ಹೊರಬೀಳುತ್ತದೆ. ಎಲೆ ತಂಪಾಗುವುದೂ ಇದರಿಂದಲೇ. ಬೇರು ಒದಗಿಸುವ ನೀರು ಸಾಲದಾದಾಗ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ನೀರು ಉಳಿಯುತ್ತದೆ, ಆದರೆ ಆಹಾರದ ತಯಾರಿಕೆ ಕುಗ್ಗಿ ಎಲೆ ಕಾಯತೊಡಗುತ್ತದೆ. ತಿಂಗಳುಗಟ್ಟಲೆಯ ಬರಕ್ಕೆ ಈ ಉಪಾಯ ಸಾಲದು. ಆಗ ಮರ ಎಲೆಯನ್ನೇ ತ್ಯಜಿಸುತ್ತದೆ. ವೆಚ್ಚದ ದಾರಿ ಮುಚ್ಚಿದ ಮೇಲೆ ಕಾಂಡವು ನೆಲದಾಳದ ತೇವವನ್ನು ಮೆಲ್ಲಮೆಲ್ಲನೆ ತುಂಬಿಕೊಳ್ಳುತ್ತದೆ. ಮಳೆಗೆ ಮುಂಚೆಯೇ ಬರಿಗೊಂಬೆಯ ಮೇಲೆ ಹೂ ಬಿಡುತ್ತದೆ. ಫೆಬ್ರವರಿ, ಮಾರ್ಚಿಯಲ್ಲಿ ನಾವು ನಿಂತು ನೋಡುವ ಹಳದಿ ಟಬೆಬುಯದ ವೈಭವ ಈ ಮಿತವ್ಯಯದ ಫಲ. ನಮ್ಮ ನಾಡಿನದೇ ಆದ ಹೊಂಗೆಯ ಕ್ರಮವೂ ದೂರದ್ದಲ್ಲ: ಹಳೆಯ ಎಲೆಯನ್ನು ಕಳಚಿ, ಯುಗಾದಿಯ ಆಸುಪಾಸಿನಲ್ಲಿ ತಿಳಿಹಸುರಿನ ಚಿಗುರನ್ನು ತೊಡುತ್ತದೆ.

ಇಷ್ಟಕ್ಕೂ ಮೂಲಧನ ನೆಲದಾಳದ ತೇವ. ನಗರ ಕಸಿದುಕೊಂಡದ್ದು ಅದನ್ನೇ. ಹೀರುಬೇರುಗಳಲ್ಲಿ ಬಹುಭಾಗ ನೆಲದ ಮೇಲುಪದರದಲ್ಲಿಯೇ ಹರಡಿರುತ್ತವೆ. ಅವಕ್ಕೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣು ವಾಹನಗಳ ಭಾರಕ್ಕೆ ಗಟ್ಟಿಯಾಗಿ, ಬುಡದವರೆಗೂ ಕಾಂಕ್ರೀಟು ಬಂದಾಗ ಎರಡೂ ತಪ್ಪುತ್ತವೆ. ಸುರಿದ ಮಳೆ ಚರಂಡಿಗೆ ಹರಿಯುತ್ತದೆ. ಚರಂಡಿಗಾಗಿ, ಕೇಬಲಿಗಾಗಿ ಒಂದು ಮಗ್ಗುಲಿನ ಬೇರುಗಳನ್ನು ಕಡಿಯುತ್ತಾರೆ. ವಿದ್ಯುತ್ತಿನ ತಂತಿಗಾಗಿ ಒಂದು ಮಗ್ಗುಲಿನ ಕೊಂಬೆಗಳನ್ನು ಸವರುತ್ತಾರೆ. ಬರಗಾಲವನ್ನು ಎದುರಿಸಲು ಬಲ್ಲ ಮರಕ್ಕೆ ಗರಗಸವನ್ನು ಎದುರಿಸುವ ಉಪಾಯ ತಿಳಿಯದು. ಮುಪ್ಪು, ಗೆದ್ದಲು, ಕಾಂಡದ ಕೊಳೆತ ಇವೂ ಕಾರಣಗಳೇ. ಗುಲ್‌ಮೊಹರಿನ ಕೊಂಬೆ ಮೆದುವೆಂಬುದನ್ನೂ ನಾವು ಅಲ್ಲಗಳೆಯುವುದಿಲ್ಲ.

ನಷ್ಟ ಅಲ್ಪವಾದುದಲ್ಲ. ಬೆಂಗಳೂರಿನ ಬೀದಿಗಳಲ್ಲಿ ಅಳತೆ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಮರಗಳಿರುವ ಕಡೆ ಮಧ್ಯಾಹ್ನದ ಗಾಳಿಯ ಉಷ್ಣತೆ 5.6 ಡಿಗ್ರಿ ಸೆಲ್ಸಿಯಸ್‌ವರೆಗೂ, ಡಾಂಬರಿನ ಮೇಲ್ಮೈಯ ಉಷ್ಣತೆ 27.5 ಡಿಗ್ರಿಯವರೆಗೂ ಕಡಮೆಯಾಗಿತ್ತು. ಮರವೊಂದು ಹೋದ ಬೀದಿಯಲ್ಲಿ ಪಕ್ಕದ ಮರ ಅಷ್ಟು ಹೆಚ್ಚಿನ ಕಾವನ್ನು ತಾಳಬೇಕಾಗುತ್ತದೆ.

ಮುಂದಿನ ಬಿರುಗಾಳಿಯಲ್ಲಿ ಕಾಲೇಜಿನ ದಾರಿಯ ಮರವೊಂದು ಬಿದ್ದರೆ, ಅದನ್ನು ತುಂಡರಿಸಿ ಸಾಗಿಸುವ ಮೊದಲು ವಿದ್ಯಾರ್ಥಿಗಳು ಅದರ ಬುಡವನ್ನು ನೋಡಬೇಕು. ಹರಿದ ಬೇರಿನ ತುದಿ ನಾರುನಾರಾಗಿರುತ್ತದೆ. ಹಿಂದೆಯೇ ಕಡಿದ ಬೇರಿನ ತುದಿ ಸಮನಾಗಿ, ಕಪ್ಪಾಗಿರುತ್ತದೆ. ನಾವು ಶಾಸನಗಳನ್ನು ಓದುವಾಗಲೂ ಮೊದಲು ಗಮನಿಸುವುದು ಕಲ್ಲು ತಾನೇ ಒಡೆಯಿತೋ, ಯಾರಾದರೂ ಒಡೆದರೋ ಎಂಬುದನ್ನೇ.