ಸ್ಪ್ರಿಂಗ್ ಬಾಗಿದರೆ ಸ್ಪ್ರಿಂಗನ್ನು ಬೈಯಬೇಡಿ

ನಮ್ಮ ಮನೆ ಇರುವುದು ಮಾಣಿಯಿಂದ ಒಳಗೆ, ಗುಡ್ಡೆಯ ಬುಡದಲ್ಲಿ. ಡಾಮರು ರಸ್ತೆಯಿಂದ ಅಂಗಳಕ್ಕೆ ಇಳಿಯಲು ಅರ್ಧ ಕಿಲೋಮೀಟರ್ ಮಣ್ಣಿನ ದಾರಿ. ಮಳೆಗಾಲ ಮುಗಿಯುವಷ್ಟರಲ್ಲಿ ಚಕ್ರ ಹೋಗುವ ಜಾಗ ಎರಡೂ ಬದಿ ಕೊರೆದು, ನಡುವೆ ದಿಂಡು ಎದ್ದಿರುತ್ತದೆ. ಅಡಿಕೆ ಗೋಣಿ ಹೇರಿಕೊಂಡು ಹೋಗುವಾಗ ಆ ದಿಂಡು ಗಾಡಿಯ ಅಡಿಗೆ ಉಜ್ಜುವ ಸದ್ದು ಕೇಳಿದರೆ ನಮ್ಮ ಹೊಟ್ಟೆಯೇ ಚುರುಕ್ ಎನ್ನುತ್ತದೆ.

ಹಳೆಯ ಜೀಪು ಮಾರಿ ಜಿಮ್ನಿ ತಂದ ಮೇಲೂ ಈ ಸದ್ದು ತಪ್ಪಲಿಲ್ಲ. ಎರಡು ಇಂಚು ಎತ್ತರಿಸಿದರೆ ಆಯಿತು ಅಂತ ಪೇಟೆಯ ಒಂದು ಗ್ಯಾರೇಜಿಗೆ ಹೋಗಿ ಉದ್ದದ ಸ್ಪ್ರಿಂಗ್, ಉದ್ದದ ಶಾಕ್ ಅಬ್ಸಾರ್ಬರ್ ಹಾಕಿಸಿದೆ. ಗಾಡಿ ನೋಡಲು ಜೋರಾಯಿತು. ವಾರ ಕಳೆದು ತೊಳೆಯುವಾಗ ಬಗ್ಗಿ ನೋಡುತ್ತೇನೆ, ಮುಂದಿನ ಎರಡೂ ಸ್ಪ್ರಿಂಗ್ ಬಾಳೆಕಾಯಿಯ ಹಾಗೆ ಬಾಗಿವೆ! ಹೊಟ್ಟೆ ಮುಂದಕ್ಕೆ ಬಂದಿದೆ. ಸ್ಪ್ರಿಂಗೇ ಖೋಟಾ ಅಂತ ತೀರ್ಮಾನಿಸಿ ಇನ್ನೊಂದು ಜೋಡಿ ತರಿಸಿ ಹಾಕಿಸಿದೆ. ಅದೂ ಹಾಗೆಯೇ ಬಾಗಿತು. ದುಡ್ಡು ದಂಡ.

ಅದಕ್ಕಿಂತ ದೊಡ್ಡ ಪಾಠ ಆಮೇಲೆ ಆಯಿತು. ಅಮ್ಮನನ್ನು ಡಾಕ್ಟರಲ್ಲಿಗೆ ಕರೆದುಕೊಂಡು ಹೋಗುವಾಗ ಮಾಣಿ ದಾಟಿ ಹೆದ್ದಾರಿಯಲ್ಲಿ ಸ್ವಲ್ಪ ವೇಗ ಕೊಟ್ಟದ್ದೇ, ಸ್ಟೇರಿಂಗ್ ತೇಲಿದ ಹಾಗಾಯಿತು. ಬಲಕ್ಕೆ ತಿರುಗಿಸಿ ಬಿಟ್ಟರೆ ತಾನಾಗಿ ನೇರಕ್ಕೆ ಬರುವುದಿಲ್ಲ. ಎದುರಿಗೆ ಗ್ಯಾಸ್ ಟ್ಯಾಂಕರ್. ಏನೂ ಆಗಲಿಲ್ಲ, ಆದರೆ ಆ ಕ್ಷಣ ಇವತ್ತಿಗೂ ಮರೆಯುವುದಿಲ್ಲ. ಬಾಗಿದ ಸ್ಪ್ರಿಂಗ್ ಮತ್ತು ತೇಲುವ ಸ್ಟೇರಿಂಗ್ ಒಂದೇ ಕಾಯಿಲೆಯ ಎರಡು ಲಕ್ಷಣ ಅಂತ ನನಗೆ ತಿಳಿದದ್ದು ಒಬ್ಬ ಹಳೆಯ ಮೆಕ್ಯಾನಿಕ್ ಗಾಡಿಯ ಅಡಿಗೆ ಮಲಗಿ ತೋರಿಸಿದ ಮೇಲೆ. “ಸ್ಪ್ರಿಂಗ್ ಸರಿ ಉಂಟು ಅಣ್ಣ, ಅದು ಕೂತ ಮಣೆ ಓರೆಯಾಗಿದೆ” ಎಂದರು ಅವರು.

ಪಟ್ಟಿಗೂ ಸುರುಳಿಗೂ ವ್ಯತ್ಯಾಸ

ನಮ್ಮ ಹಳೆಯ ಜೀಪುಗಳದ್ದು ಕಮಾನು ಪಟ್ಟಿ. ಜಿಪ್ಸಿಯದ್ದೂ ಅದೇ. ಪಟ್ಟಿ ಎರಡು ಕೆಲಸ ಮಾಡುತ್ತದೆ: ಭಾರ ಹೊರುತ್ತದೆ, ಚಕ್ರದ ಹೌಸಿಂಗನ್ನು ಅದರ ಜಾಗದಲ್ಲಿ ಹಿಡಿದೂ ಇಡುತ್ತದೆ. ಹಾಗಾಗಿ ಎತ್ತರ ಬೇಕಾದಾಗ ಇನ್ನೊಂದು ಪಟ್ಟಿ ಸೇರಿಸಿ ನಾವು ಸುಧಾರಿಸುತ್ತಿದ್ದೆವು.

ಸುರುಳಿ ಸ್ಪ್ರಿಂಗ್ ಭಾರ ಮಾತ್ರ ಹೊರುತ್ತದೆ. ಹೌಸಿಂಗನ್ನು ಹಿಡಿದಿಡುವ ಕೆಲಸ ಬೇರೆ ತೋಳುಗಳದ್ದು. 2023ರಲ್ಲಿ ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದ ಜಿಮ್ನಿಯಲ್ಲಿ ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಹೌಸಿಂಗ್, ಸುರುಳಿ ಸ್ಪ್ರಿಂಗ್. 2020ರ ಹೊಸ ಥಾರಿನಲ್ಲಿ ಹಿಂದೆ ಮಾತ್ರ ಹೀಗೆ. ಮುಂದಿನ ಚಕ್ರಗಳು ಒಂದಕ್ಕೊಂದು ಸಂಬಂಧವಿಲ್ಲದೆ ಏರಿಳಿಯುವಂಥವು. ಇಲ್ಲಿ ಹೇಳುವುದೆಲ್ಲ ಗಟ್ಟಿ ಹೌಸಿಂಗ್ ಇರುವ ಕಡೆಗೆ.

ಮುಂದಿನ ಹೌಸಿಂಗಿನಿಂದ ಎರಡು ತೋಳು ಹಿಂದಕ್ಕೆ ಹೋಗಿ ಚಾಸಿಗೆ ಸೇರುತ್ತವೆ. ಗಾಡಿಯನ್ನು ಎತ್ತರಿಸಿದರೆ ತೋಳಿನ ಮುಂದಿನ ತುದಿ ಕೆಳಗೆ ವಾಲುತ್ತದೆ. ತೋಳು ಹೌಸಿಂಗಿಗೆ ಎರಡು ಬೋಲ್ಟಿನಲ್ಲಿ ಬಿಗಿದಿರುವುದರಿಂದ ಹೌಸಿಂಗ್ ಕೂಡ ಅಷ್ಟೇ ತಿರುಗುತ್ತದೆ. ಲೆಕ್ಕ ಹಾಕಿ ನೋಡಿ: ತೋಳು 70 ಸೆಂ.ಮೀ. ಉದ್ದವಿದ್ದು ಗಾಡಿ 5 ಸೆಂ.ಮೀ. ಎದ್ದರೆ, ತಿರುಗುವುದು ಸುಮಾರು 4 ಡಿಗ್ರಿ. ಹೌಸಿಂಗಿನ ಮೇಲಿರುವ ಸ್ಪ್ರಿಂಗಿನ ಮಣೆಯೂ 4 ಡಿಗ್ರಿ ಮುಂದಕ್ಕೆ ವಾಲುತ್ತದೆ. ಮೇಲಿನ ಮಣೆ ಇದ್ದ ಹಾಗೇ ಇರುತ್ತದೆ. ಎರಡು ಮಣೆ ಒಂದಕ್ಕೊಂದು ನೇರ ಇಲ್ಲದಿದ್ದರೆ ನಡುವಿನ ಸ್ಪ್ರಿಂಗ್ ಬಾಗದೆ ಏನು ಮಾಡೀತು? ಹಿಂದಿನ ಹೌಸಿಂಗಿನ ತೋಳು ಮುಂದಕ್ಕೆ ಹೋಗುವುದರಿಂದ ಅಲ್ಲಿ ಎಲ್ಲವೂ ತಿರುವುಮುರುವು. ಹೊಟ್ಟೆ ಹಿಂದಕ್ಕೆ ಬರುತ್ತದೆ.

ಇನ್ನು ಸ್ಟೇರಿಂಗ್. ಸೈಕಲ್ಲಿನ ಮುಂದಿನ ಫೋರ್ಕ್ ಸ್ವಲ್ಪ ಓರೆ ಇರುವುದನ್ನು ಎಲ್ಲರೂ ನೋಡಿದ್ದೇವೆ. ಕೈ ಬಿಟ್ಟರೂ ಸೈಕಲ್ ನೇರ ಹೋಗಲು ಆ ಓರೆಯೂ ಒಂದು ಕಾರಣ. ಗಾಡಿಯ ಮುಂದಿನ ಚಕ್ರಕ್ಕೂ ಇಂಥದೇ ಓರೆ ಇದೆ, ಕ್ಯಾಸ್ಟರ್ ಎನ್ನುತ್ತಾರೆ. ಹೌಸಿಂಗ್ ಮುಂದಕ್ಕೆ ತಿರುಗಿದಾಗ ಅದು ಕಡಿಮೆಯಾಗುತ್ತದೆ. ಸ್ಟೇರಿಂಗ್ ತೇಲುವುದು ಅದಕ್ಕೇ.

ಎಷ್ಟು ಬಾಗಿದರೆ ಚಿಂತೆ?

ಸ್ವಲ್ಪ ಬಾಗು ಕಂಪೆನಿಯಿಂದ ಬಂದ ಗಾಡಿಯಲ್ಲೂ ಇರಬಹುದು; ಅದಕ್ಕೆ ಹೆದರಬೇಕಾಗಿಲ್ಲ. ಒಂದು ನೇರ ಕೋಲನ್ನು ಸ್ಪ್ರಿಂಗಿನ ಒಳಬಾಗಿಗೆ, ಮೇಲಿನ ಮತ್ತು ಕೆಳಗಿನ ಸುತ್ತಿಗೆ ತಾಗಿಸಿ ಹಿಡಿದು ನಡುವಿನ ಸಂದು ಅಳೆಯಿರಿ. ನನ್ನದರಲ್ಲಿ 2 ಸೆಂ.ಮೀ. ಇತ್ತು. ಒಂದು ಬದಿಯ ಸುತ್ತುಗಳು ಪರಸ್ಪರ ತಾಗಿ ಬಣ್ಣ ಹೋಗಿದ್ದರೆ, ಸ್ಪ್ರಿಂಗ್ ಬಂಪ್ ಸ್ಟಾಪಿಗೋ ಬೇರೆ ಕಬ್ಬಿಣಕ್ಕೋ ಉಜ್ಜುತ್ತಿದ್ದರೆ, ಮಣೆಯ ಒಂದು ಅಂಚಿನಿಂದ ಎದ್ದಿದ್ದರೆ ತಡ ಮಾಡಬೇಡಿ.

ಸರಿಪಡಿಸುವ ಕ್ರಮ

ಖರ್ಚಿಲ್ಲದ್ದನ್ನು ಮೊದಲು ಮಾಡಬೇಕು.

1. ಸ್ಪ್ರಿಂಗ್ ಸರಿ ಕೂತಿದೆಯೇ ನೋಡಿ. ಕೆಳಗಿನ ಮಣೆಯಲ್ಲಿ ಒಂದು ಮೆಟ್ಟಿಲು ಇರುತ್ತದೆ. ಸ್ಪ್ರಿಂಗಿನ ಸರಿಗೆಯ ತುದಿ ಅದಕ್ಕೆ ಸರಿಯಾಗಿ ತಾಗಿ ನಿಲ್ಲಬೇಕು. ಮೇಲಿನ ರಬ್ಬರ್ ಮಡಚಿರಬಾರದು. ತಲೆಕೆಳಗೆ ಹಾಕಿದ್ದಾರೆಯೇ, ಎಡಬಲ ಅದಲು ಬದಲಾಗಿದೆಯೇ ಎಂದು ಕಿಟ್ಟಿನ ಚೀಟಿಯೊಂದಿಗೆ ತಾಳೆ ನೋಡಿ.

2. ತೋಳಿನ ಬೋಲ್ಟು ಸಡಿಲಿಸಿ ಮತ್ತೆ ಬಿಗಿಯಿರಿ. ಬುಶ್ಶಿನ ರಬ್ಬರ್ ಲೋಹಕ್ಕೆ ಅಂಟಿರುತ್ತದೆ. ಚಕ್ರ ನೇತಾಡುವಾಗಲೇ ಬಿಗಿದರೆ, ಗಾಡಿ ಇಳಿಸಿದಾಗ ರಬ್ಬರ್ ತಿರುಚಿಕೊಂಡೇ ಉಳಿಯುತ್ತದೆ, ಬೇಗ ಹರಿಯುತ್ತದೆ. ಬೋಲ್ಟುಗಳನ್ನು ಸಡಿಲಿಸಿ, ಗಾಡಿಯ ಭಾರ ಚಕ್ರದ ಮೇಲೆ ಬಂದ ಮೇಲೆ ಸಮತಟ್ಟಾದ ಅಂಗಳದಲ್ಲಿ ನಾಲ್ಕು ಅಡಿ ಹಿಂದೆ ಮುಂದೆ ನೂಕಿ, ಆಮೇಲೆ ಟಾರ್ಕ್ ರೆಂಚಿನಲ್ಲಿ ಕಂಪೆನಿ ಹೇಳಿದ ಅಳತೆಗೆ ಬಿಗಿಯಬೇಕು. ಬಿಗಿಯದೆ ರಸ್ತೆಗೆ ಇಳಿಸುವುದೇ ಬೇಡ.

3. ಹೌಸಿಂಗ್ ಬದಿಗೆ ಸರಿದಿದೆಯೇ ಅಳೆಯಿರಿ. ಹೌಸಿಂಗನ್ನು ಅಡ್ಡಕ್ಕೆ ಹಿಡಿಯುವ ಉದ್ದದ ರಾಡ್ ಒಂದು ಉಂಟು. ಗಾಡಿ ಎದ್ದಾಗ ಅದು ಇಳಿಜಾರಾಗಿ ಹೌಸಿಂಗನ್ನು ಒಂದು ಬದಿಗೆ ಎಳೆಯುತ್ತದೆ. 85 ಸೆಂ.ಮೀ. ರಾಡಿನ ಒಂದು ತುದಿ ಮೊದಲೇ 5 ಸೆಂ.ಮೀ. ಕೆಳಗಿದ್ದು ಇನ್ನೂ 5 ಇಳಿದರೆ, ಸರಿಯುವುದು ಸುಮಾರು ನಾಲ್ಕೂವರೆ ಮಿ.ಮೀ. ಎರಡೂ ಮಡ್‌ಗಾರ್ಡಿನಿಂದ ಮೇಸ್ತ್ರಿಗಳ ತೂಗುಗುಂಡು ಇಳಿಬಿಟ್ಟು ಟಯರಿಗೆ ಎಷ್ಟು ದೂರ ಅಂತ ನೋಡಿದರೆ ಗೊತ್ತಾಗುತ್ತದೆ. ಹೆಚ್ಚಿದ್ದರೆ ಉದ್ದ ಹೊಂದಿಸಬಹುದಾದ ರಾಡ್ ಹಾಕಿಸಬೇಕು.

4. ಹೌಸಿಂಗನ್ನು ಹಿಂದಕ್ಕೆ ತಿರುಗಿಸಿ. ನಿಜವಾದ ಮದ್ದು ಇದೇ. ದಾರಿ ಎರಡು. ಒಂದು, ತೂತು ನಡುವಿನಿಂದ ಸರಿದಿರುವ ಬುಶ್‌ಗಳನ್ನು ತೋಳು–ಹೌಸಿಂಗ್ ಸೇರುವಲ್ಲಿ ಹಾಕುವುದು. ಇನ್ನೊಂದು, ತೋಳಿನ ಚಾಸಿ ಕಡೆಯ ತುದಿಯನ್ನು ಬ್ರಾಕೆಟ್ ಹಾಕಿ ಕೆಳಗಿಳಿಸುವುದು. ಎರಡರಲ್ಲೂ ಮಣೆ ನೇರವಾಗುತ್ತದೆ, ಕ್ಯಾಸ್ಟರೂ ಮರಳುತ್ತದೆ. ಬ್ರಾಕೆಟ್ ಕೆಳಗೆ ಜೋತಾಡುವುದರಿಂದ ನಮ್ಮ ದಿಂಡಿನ ದಾರಿಗೆ ಅದು ಬೇಡ ಎನಿಸಿ ನಾನು ಬುಶ್ ಹಾಕಿಸಿದೆ. ಬುಶ್ ತಿರುವುಮುರುವಾದರೆ ದೋಷ ಇಮ್ಮಡಿಯಾಗುತ್ತದೆ, ಗುರುತು ನೋಡಿಯೇ ಕೂರಿಸಬೇಕು. ಅತಿಯಾಗಿ ತಿರುಗಿಸಿದರೆ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟಿಗೆ ಪೆಟ್ಟು. ಮೇಲೆ ಕೆಳಗೆ ಬೇರೆ ಬೇರೆ ತೋಳು ಇರುವ ಗಾಡಿಯಲ್ಲಿ ಉದ್ದ ಹೊಂದಿಸಬಹುದಾದ ತೋಳು ಹಾಕಿ ಇದೇ ಕೆಲಸ ಮಾಡುತ್ತಾರೆ. ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಕ್ಯಾಸ್ಟರಿನ ಅಂಕಿಯನ್ನು ಕೇಳಿ ಬರೆಸಿಕೊಳ್ಳಿ.

5. ಇಷ್ಟಾದ ಮೇಲೂ ಬಾಗು ಉಳಿದರೆ ಮಣೆಯ ಮೇಲೆ ಓರೆ ಬಿಲ್ಲೆ ಇಡಬಹುದು. ಬಿಲ್ಲೆಯನ್ನೇ ಮೊದಲು ಇಟ್ಟರೆ ಸ್ಪ್ರಿಂಗ್ ನೇರ ಕಂಡೀತು, ಸ್ಟೇರಿಂಗ್ ತೇಲುವುದು ನಿಲ್ಲುವುದಿಲ್ಲ.

ಕೆಲಸ ಮುಗಿದ ಮೇಲೆ ಚಕ್ರ ಪೂರ್ತಿ ನೇತಾಡುವಂತೆ ಎತ್ತಿ ಬ್ರೇಕಿನ ಹೋಸು, ಎ.ಬಿ.ಎಸ್. ವಯರು ಎಳೆದುಕೊಂಡಿವೆಯೇ ನೋಡಿ. ಸ್ಪ್ರಿಂಗ್ ಪೂರ್ತಿ ಒತ್ತಿದಾಗ ಸುತ್ತುಗಳು ಸೇರುವ ಮೊದಲೇ ಬಂಪ್ ಸ್ಟಾಪ್ ತಾಗಬೇಕು.

ಮಾಡಬಾರದ್ದು

ಬಾಗಿದ ಸ್ಪ್ರಿಂಗನ್ನು ಗ್ಯಾಸಿನಲ್ಲಿ ಕಾಯಿಸಿ ನೇರ ಮಾಡುತ್ತೇನೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಕಾಯಿಸಿದರೆ ಉಕ್ಕಿನ ಹದ ಹೋಗುತ್ತದೆ, ಮತ್ತೆ ಅದು ಕುಸಿಯುತ್ತದೆ ಇಲ್ಲವೇ ಮುರಿಯುತ್ತದೆ. ಜಾಕ್ ಒಂದನ್ನೇ ನಂಬಿ ಅಡಿಗೆ ಹೋಗಬಾರದು, ಗಟ್ಟಿ ಸ್ಟ್ಯಾಂಡ್ ಬೇಕೇ ಬೇಕು. ಅಂಗಳದಲ್ಲಿ ಸಿಗುತ್ತದೆ ಅಂತ ಮುರಕಲ್ಲು ಕೊಡುವ ಅಭ್ಯಾಸ ನಮ್ಮಲ್ಲಿ ಉಂಟು. ಒತ್ತಡ ಒಂದೇ ಕಡೆ ಬಿದ್ದರೆ ಅದು ಪುಡಿಯಾಗುತ್ತದೆ, ಜೀವಕ್ಕೆ ಅಪಾಯ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು, ಕಂಪೆನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗುವ ಮಾರ್ಪಾಡನ್ನು ಒಪ್ಪುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿದಿದೆ. ಎತ್ತರಿಸುವ ಮೊದಲೇ ಆರ್.ಟಿ.ಓ. ಮತ್ತು ವಿಮೆಯವರಲ್ಲಿ ವಿಚಾರಿಸಿ. ನಾನು ಆಮೇಲೆ ವಿಚಾರಿಸಿದವನು. ನೀವು ಹಾಗೆ ಮಾಡಬೇಡಿ.

ಈಗ ನನ್ನ ಗಾಡಿಯ ಸ್ಪ್ರಿಂಗಿನ ಬಾಗು 6 ಮಿ.ಮೀ.ಗೆ ಇಳಿದಿದೆ. ಸ್ಟೇರಿಂಗ್ ಬಿಟ್ಟರೆ ನೇರಕ್ಕೆ ಬರುತ್ತದೆ. ಅಮ್ಮ ಧೈರ್ಯವಾಗಿ ಮುಂದಿನ ಸೀಟಿನಲ್ಲಿ ಕೂರುತ್ತಾರೆ.

ಒಂದು ಮಾತು ಬಾಕಿ. ಸ್ಪ್ರಿಂಗ್ ಎತ್ತರಿಸಿದರೆ ಬಾಡಿ, ಚಾಸಿ, ಬಂಪರ್ ಮೇಲೇಳುತ್ತವೆ. ಹೌಸಿಂಗಿನ ನಡುವಿನ ಗುಂಡು ಏಳುವುದಿಲ್ಲ. ಅದರ ಎತ್ತರ ಟಯರಿನ ಮೇಲೆ ನಿಂತಿದೆ. ನಮ್ಮ ದಾರಿಯ ದಿಂಡಿಗೆ ಉಜ್ಜುತ್ತಿದ್ದದ್ದು ಆ ಗುಂಡೇ! ಇಷ್ಟೆಲ್ಲ ಆದ ಮೇಲೂ ಸದ್ದು ಹಾಗೇ ಇತ್ತು. ಕೊನೆಗೆ ಇಬ್ಬರು ಆಳು ಮತ್ತು ನಾನು ಪಿಕ್ಕಾಸು ಹಿಡಿದು ಒಂದು ದಿನದಲ್ಲಿ ದಿಂಡು ಕಡಿದೆವು, ನೀರು ಬದಿಗೆ ಹೋಗಲು ಅಲ್ಲಲ್ಲಿ ಅಡ್ಡ ಕಣಿ ತೋಡಿದೆವು. ಸದ್ದು ನಿಂತಿತು. ಎತ್ತರಿಸುವ ಯೋಚನೆ ಇರುವವರು ಮೊದಲು ಗಾಡಿಯ ಅಡಿಗೆ ಬಗ್ಗಿ, ಉಜ್ಜಿದ ಗುರುತು ಎಲ್ಲಿದೆ ಎಂದು ನೋಡಿಕೊಳ್ಳಿ.